ನಿಂತುಹೋದ ಹಳೇ ಬೈಕನ್ನ ಮನೇಲೇ ರೆಡಿ ಮಾಡೋದು ಹೇಗೆ

ತುಂಬಾ ದಿನ ನಿಂತಿದ್ದ ಹಳೇ ಬೈಕ್ ಸ್ಟಾರ್ಟ್ ಆಗ್ತಿಲ್ಲ ಅಂದ ತಕ್ಷಣ ಜನ ಹೊಸ ಪ್ಲಗ್, ಹೊಸ ಕಾಯಿಲ್, ಹೊಸ ಕಾರ್ಬೊರೇಟರ್ ಅಂತ ಒಂದೊಂದೇ ತಂದು ಹಾಕ್ತಾ ಹೋಗ್ತಾರೆ, ದುಡ್ಡೆಲ್ಲ ಖರ್ಚಾದ್ಮೇಲೂ ಗಾಡಿ ಇದ್ದಲ್ಲೇ ಇರುತ್ತೆ. ಹಳೇ ಗಾಡಿ ಕೆಲಸದಲ್ಲಿ ನಾನು ಬಿಡದೆ ಪಾಲಿಸೋದು ಒಂದೇ ನಿಯಮ, ಕಾರಣ ಗೊತ್ತಾಗೋ ತನಕ ಯಾವ ಪಾರ್ಟೂ ಬದಲಾಯಿಸಬಾರ್ದು, ಒಂದು ಸಲಕ್ಕೆ ಒಂದೇ ಕಡೆ ಕೈ ಹಾಕ್ಬೇಕು, ಹಾಕಿದ್ಮೇಲೆ ಏನಾಯ್ತು ಅಂತ ನೋಡ್ಬೇಕು. ಮೂರು ಕಡೆ ಒಟ್ಟಿಗೆ ಕೈ ಹಾಕಿದ್ರೆ ಗಾಡಿ ಸರಿಯಾದ್ರೂ ಯಾವುದರಿಂದ ಸರಿಯಾಯ್ತು ಅಂತ ಗೊತ್ತಾಗಲ್ಲ, ಕೆಟ್ಟರಂತೂ ಕೇಳ್ಲೇಬೇಡಿ.

ಒಳ್ಳೇ ಸುದ್ದಿ ಏನಂದ್ರೆ ಕಾರ್ಬೊರೇಟರ್ ಕಾಲದ ಗಾಡಿಗಳನ್ನ ಬಿಚ್ಚಿ ರಿಪೇರಿ ಮಾಡೋಕೆ ಅಂತಲೇ ಕಟ್ಟಿದ್ದಾರೆ. ಇಂಜಿನ್ ಓಡೋಕೆ ಬೇಕಾಗಿರೋದು ಸರಿಯಾದ ಟೈಮಲ್ಲಿ ಸ್ಪಾರ್ಕ್ (ಕಾಯಿಲ್ ಕೊಡೋ ಹೈ ವೋಲ್ಟೇಜಿಂದ ಪ್ಲಗ್ಗಲ್ಲಿ ಹಾರೋ ಕಿಡಿ), ಸರಿಯಾದ ಅಳತೇಲಿ ಪೆಟ್ರೋಲು ಗಾಳಿ (ಬೆರೆಸೋದು ಕಾರ್ಬೊರೇಟರ್), ಮತ್ತೆ ಕಂಪ್ರೆಷನ್, ಅಂದ್ರೆ ಪಿಸ್ಟನ್ ಅದನ್ನ ಸಿಲಿಂಡರ್ ಒಳಗೆ ಒತ್ತೋ ಜೋರು. ಇಷ್ಟರಲ್ಲಿ ಯಾವುದಿಲ್ಲ ಅಂತ ಹುಡುಕೋದೇ ಅರ್ಧ ಕೆಲಸ. ಇಲ್ಲಿ ನಾನು ಕೊಡೋ ಅಳತೆಗಳೆಲ್ಲ ಸಾಮಾನ್ಯವಾಗಿ ಇರೋ ಅಳತೆಗಳು, ನಿಮ್ಮ ಮಾಡೆಲ್ಲಿನ ವರ್ಕ್‌ಶಾಪ್ ಮ್ಯಾನುಯಲ್ ಸಿಕ್ಕಿದ್ರೆ ಅದರಲ್ಲಿರೋದೇ ಫೈನಲ್, ಟೂಲ್ಸ್ ತಗೊಳ್ಳೋಕಿಂತ ಮುಂಚೆ ಮ್ಯಾನುಯಲ್ ಹುಡುಕಿ.

ಸ್ಪ್ಯಾನರ್ ಹಿಡಿಯೋಕ್ ಮುಂಚೆ

ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ನೆಲದ ಮೇಲೇ ಹರಡಿ ಮೂಲೇಲಿರೋ ದೀಪಕ್ಕೋ ಹೀಟರಿಗೋ ತಗುಲಿದ್ರೆ ಮುಗೀತು, ಆದ್ದರಿಂದ ಟ್ಯಾಂಕು ಕಾರ್ಬೊರೇಟರ್ ಕೆಲಸ ಹೊರಗಡೆ ಇಟ್ಕೊಳ್ಳಿ. ಮುಚ್ಚಿದ ಜಾಗದಲ್ಲಿ ಇಂಜಿನ್ ಓಡಿಸಲೇಬೇಡಿ, ಹೊಗೇಲಿರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆನೂ ಇಲ್ಲ ಬಣ್ಣನೂ ಇಲ್ಲ.

ಬ್ಯಾಟರಿ ಬಿಚ್ಚುವಾಗ ಗಾಡಿಯ ಫ್ರೇಮಿಗೆ ಅರ್ಥ್ ಆಗಿರೋ ವೈರನ್ನ ಮೊದಲು ತೆಗೀರಿ, ಹಾಕುವಾಗ ಕೊನೇಲಿ ಹಾಕಿ. ಬಹುತೇಕ ಗಾಡೀಲಿ ಅದು ನೆಗೆಟಿವ್, ಆದ್ರೆ ಹಳೇ ಬ್ರಿಟಿಷ್ ಗಾಡಿಗಳಲ್ಲಿ ಸುಮಾರಿನವು ಪಾಸಿಟಿವ್ ಅರ್ಥ್, ನೋಡ್ದೆ ಉಲ್ಟಾ ಹಾಕಿದ್ರೆ ಚಾರ್ಜಿಂಗ್ ಕರೆಂಟನ್ನ ಡಿಸಿ ಮಾಡೋ ರೆಕ್ಟಿಫೈಯರ್ ಸುಟ್ಟೋಗುತ್ತೆ.

ಟೂಲ್ಸ್ ಜಾಸ್ತಿ ಬೇಕಿಲ್ಲ, ಇರೋದು ಒಳ್ಳೇದಿರ್ಬೇಕು ಅಷ್ಟೇ. 8ರಿಂದ 19ರ ತನಕ ರಿಂಗ್ ಸ್ಪ್ಯಾನರ್, ಆರು ಮೂಲೆ ಇರೋ ಸಾಕೆಟ್ಟುಗಳು, ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್ (ಸಣ್ಣ ಗ್ಯಾಪ್ ಅಳೆಯೋ ತೆಳು ಬ್ಲೇಡುಗಳು), ಸಾದಾ ಮಲ್ಟಿಮೀಟರ್, ಒಂದು ಇಂಪ್ಯಾಕ್ಟ್ ಡ್ರೈವರ್ (ಸುತ್ತಿಗೇಲಿ ಹೊಡೆದ್ರೆ ಸ್ಕ್ರೂ ತಿರುಗಿಸೋದು). ಕೆಲವು ಹಳೇ ಬ್ರಿಟಿಷ್ ಗಾಡಿಗಳಿಗೆ ಮಿಲಿಮೀಟರ್ ಸ್ಪ್ಯಾನರ್ ಕೂರಲ್ಲ, ಅದಕ್ಕೆ ವಿಟ್ವರ್ತ್ (ಹಳೇ ಬ್ರಿಟಿಷ್ ಅಳತೆ) ಅಥವಾ ಇಂಚಿನ ಸೆಟ್ಟೇ ಬೇಕು. ಜಪಾನ್ ಡಿಸೈನಿನ ಗಾಡಿಗಳ ಸ್ಟಾರ್ ಸ್ಕ್ರೂಗಳ ಬಗ್ಗೆ ಒಂದು ಮಾತು: ಅವು ನೋಡೋಕೆ ಮಾಮೂಲಿ ಫಿಲಿಪ್ಸ್ ಥರಾನೇ ಇರುತ್ತೆ ಆದ್ರೆ ಅಲ್ಲ, ಅವು ಜಪಾನಿನ ಸ್ಟ್ಯಾಂಡರ್ಡಿನ ಜೆಐಎಸ್ ಸ್ಕ್ರೂಗಳು, ಎಷ್ಟೋ ಸ್ಕ್ರೂಗಳ ತಲೆ ಮೇಲೆ ಒಂದು ಚಿಕ್ಕ ಚುಕ್ಕೆನೂ ಇರುತ್ತೆ. ಫಿಲಿಪ್ಸ್ ಡ್ರೈವರ್ ಅದರಲ್ಲಿ ಪೂರ್ತಿ ಕೂರಲ್ಲ, ಜೋರು ಕೊಟ್ಟ ತಕ್ಷಣ ಮೇಲಕ್ಕೆ ಜಾರಿ ಸ್ಕ್ರೂ ತಲೆ ಹಾಳು ಮಾಡುತ್ತೆ. ಜೆಐಎಸ್ ಡ್ರೈವರ್ ಒಂದು ತಗೊಂಡ್ರೆ ಅರ್ಧ ತಲೆನೋವು ಅಲ್ಲೇ ಹೋಯ್ತು.

ತುಕ್ಕು ಹಿಡಿದ ಬೋಲ್ಟಿಗೆ ಪೆನೆಟ್ರೇಟಿಂಗ್ ಆಯಿಲ್ (ತುಕ್ಕಿನೊಳಗೆ ಇಳಿಯೋ ಸ್ಪ್ರೇ ಆಯಿಲ್) ಹಾಕಿ ರಾತ್ರಿಯೆಲ್ಲ ಬಿಡಿ, ಮಾರನೇ ದಿನ ಮೊದಲು ಸ್ವಲ್ಪ ಟೈಟ್ ಮಾಡೋ ಕಡೆಗೆ ಅಲ್ಲಾಡಿಸಿ ಆಮೇಲೆ ಲೂಸ್ ಮಾಡಿ. ಅಲ್ಯೂಮಿನಿಯಮ್ಮಿನಲ್ಲಿ ಕೂತಿರೋ ಸ್ಟೀಲ್ ಬೋಲ್ಟಾದ್ರೆ ಸುತ್ತಲಿನ ಅಲ್ಯೂಮಿನಿಯಮ್ ಬಿಸಿ ಮಾಡಿದ್ರೆ ಅದು ಸ್ಟೀಲಿಗಿಂತ ಜಾಸ್ತಿ ಹಿಗ್ಗಿ ಹಿಡಿತ ಬಿಡುತ್ತೆ, ಆದ್ರೆ ಪೆಟ್ರೋಲು, ಆ ಸ್ಪ್ರೇ ಆಯಿಲು ಯಾವುದೂ ಹತ್ರ ಇಲ್ಲದೇ ಇರುವಾಗ ಮಾತ್ರ. ಬಿಚ್ಚೋ ಪ್ರತಿ ಹಂತಕ್ಕೂ ಫೋನಲ್ಲಿ ಫೋಟೋ ತಕ್ಕೊಳ್ಳಿ, ವೈರು ಮತ್ತೆ ಕೇಬಲ್ ಯಾವ ಕಡೆಯಿಂದ ಹೋಗಿತ್ತು ಅನ್ನೋದು ಎರಡು ವಾರ ಆದ್ಮೇಲೆ ಯಾರಿಗೂ ನೆನಪಿರಲ್ಲ.

ವರ್ಷಗಟ್ಟಲೆ ನಿಂತಿರೋ ಇಂಜಿನ್ನಿಗೆ ನೇರವಾಗಿ ಕಿಕ್ ಹೊಡೀಬೇಡಿ. ಪ್ಲಗ್ ತೆಗೆದು ಒಂದೆರಡು ಚಮಚ ಇಂಜಿನ್ ಆಯಿಲ್ ಒಳಗೆ ಬಿಟ್ಟು ಒಂದು ದಿನ ಬಿಡಿ, ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನ ಕೈಯಲ್ಲಿ ನಿಧಾನಕ್ಕೆ ಹಿಂದೆ ಮುಂದೆ ತಿರುಗಿಸಿ ನೋಡಿ. ಪಿಸ್ಟನ್ ಅಂಟಿಕೊಂಡಿದ್ರೆ ಅಲ್ಲೇ ಗೊತ್ತಾಗುತ್ತೆ, ಹಾಗಿದ್ರೆ ಇನ್ನೂ ಎರಡು ಮೂರು ದಿನ ಆಯಿಲಲ್ಲಿ ನೆನೆಯೋಕೆ ಬಿಡಿ. ಕಿಕ್ಕರ್ ಮೇಲೆ ಹತ್ತಿ ಕುಣಿದ್ರೆ ಪಿಸ್ಟನ್ ರಿಂಗ್ ಮುರಿಯುತ್ತೆ, ಇಲ್ಲಾ ಕಿಕ್ ಶಾಫ್ಟ್ ಹಲ್ಲು ಹೋಗುತ್ತೆ.

ಫ್ರೀಯಾಗಿ ತಿರುಗ್ತು ಅಂದ್ರೆ ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಥ್ರಾಟಲ್ ಪೂರ್ತಿ ತೆಗೆದು ಕಿಕ್ ಹೊಡೀರಿ, ಬೆರಳನ್ನ ಜೋರಾಗಿ ತಳ್ಳಬೇಕು. ಗೇಜ್ ಇದ್ರೆ ಇನ್ನೂ ಒಳ್ಳೇದು. ಕಂಪ್ರೆಷನ್ ಕಮ್ಮಿ ಅನ್ಸಿದ್ರೆ ಸ್ವಲ್ಪ ಆಯಿಲ್ ಬಿಟ್ಟು ಇನ್ನೊಂದ್ಸಲ ನೋಡಿ, ಏರಿದ್ರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ, ಏರಲಿಲ್ಲ ಅಂದ್ರೆ ವಾಲ್ವ್ ಸರಿಯಾಗಿ ಕೂರ್ತಿಲ್ಲ. ಎಷ್ಟೋ ಸಲ ಟ್ಯಾಪೆಟ್ (ವಾಲ್ವ್ ಮತ್ತೆ ಅದನ್ನ ಒತ್ತೋ ಭಾಗದ ಮಧ್ಯದ ಸಣ್ಣ ಗ್ಯಾಪ್) ಟೈಟಾಗಿರೋದೇ ಕಾರಣ, ಅದಕ್ಕೆ ಆಮೇಲೆ ಬರ್ತೀನಿ.

ಸ್ಪಾರ್ಕ್

ಪ್ಲಗ್ ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಇಂಜಿನ್ನಿಗೆ ಗಟ್ಟಿಯಾಗಿ ತಾಗೋ ಹಾಗೆ ಇಟ್ಟು ಕಿಕ್ ಹೊಡೀರಿ. ಪ್ಲಗ್ ತೂತಿನಿಂದ ದೂರ ಇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರ್ತಿರುತ್ತೆ. ಸಿಡಿಐ (ಸ್ಪಾರ್ಕ್ ಕೊಡಿಸೋ ಎಲೆಕ್ಟ್ರಾನಿಕ್ ಬಾಕ್ಸ್) ಇರೋ ಗಾಡಿ ಆದ್ರೆ ಪ್ಲಗ್ ಅರ್ಥ್ ಆಗ್ದೆ ಗಾಳೀಲಿ ನೇತಾಡ್ತಿರುವಾಗ ಕಿಕ್ ಹೊಡೆಯೋದೇ ಬೇಡ, ಹೋಗೋಕೆ ದಾರಿ ಇಲ್ಲದ ಹೈ ವೋಲ್ಟೇಜ್ ಸಿಡಿಐನೋ ಕಾಯಿಲನ್ನೋ ಕೊಲ್ಲಬಹುದು. ನೀಲಿ ಬಿಳಿ ಬಣ್ಣದ ಚಟ್ ಅನ್ನೋ ಸ್ಪಾರ್ಕ್ ಬಂದ್ರೆ ಸರಿ, ಹಳದಿ ಬಣ್ಣದ ಸಪ್ಪೆ ಸ್ಪಾರ್ಕ್ ಬಂದ್ರೆ ಸ್ಪಾರ್ಕ್ ಬಲ ಕಮ್ಮಿ, ಎಲ್ಲೋ ಕರೆಂಟ್ ಸೋರ್ತಿರಬಹುದು. ಪ್ಲಗ್ ಗ್ಯಾಪ್ ಸಾಮಾನ್ಯವಾಗಿ 0.6ರಿಂದ 0.7 ಎಂಎಂ.

ಸ್ಪಾರ್ಕೇ ಇಲ್ಲ ಅಂದ್ರೆ ಕಾಯಿಲ್ ಮೇಲೆ ಅನುಮಾನ ಪಡೋ ಮುಂಚೆ ಸುಲಭದ್ದೆಲ್ಲ ನೋಡಿ ಮುಗಿಸಿ. ಕಿಲ್ ಸ್ವಿಚ್ಚಿನ ಒಳಗಿನ ಪಾಯಿಂಟುಗಳು ಮಳೆ ಧೂಳಿಗೆ ಹಸಿರು ಹಿಡಿದಿರುತ್ತೆ, ಅದನ್ನ ಹತ್ತಿಪ್ಪತ್ತು ಸಲ ಆನ್ ಆಫ್ ಮಾಡಿದ್ರೇ ಸ್ಪಾರ್ಕ್ ವಾಪಸ್ ಬಂದಿರೋ ಗಾಡಿಗಳಿವೆ. ಆಮೇಲೆ ಪ್ಲಗ್ ಕ್ಯಾಪ್ ತಿರುಗಿಸಿ ಬಿಚ್ಚಿ ಮಲ್ಟಿಮೀಟರಲ್ಲಿ ನೋಡಿ, ರೆಸಿಸ್ಟರ್ ಇರೋ ಕ್ಯಾಪ್ ಬಹಳಷ್ಟು 5 ಕಿಲೋ ಓಮ್ ಆಸುಪಾಸು ತೋರಿಸ್ಬೇಕು, ಮೀಟರ್ ಏನೂ ತೋರಿಸದೇ ಇದ್ರೆ ಕ್ಯಾಪ್ ಸತ್ತಿದೆ. ಕಾಯಿಲಿಂದ ಬರೋ ದಪ್ಪ ವೈರಿನ ತುದೀಲಿ ತಾಮ್ರ ಕಪ್ಪಾಗಿದ್ರೆ ಐದಾರು ಎಂಎಂ ಕತ್ತರಿಸಿ ಹೊಸ ತುದಿಗೆ ಕ್ಯಾಪ್ ತಿರುಗಿಸಿ.

ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚಿ ಸ್ಪಾರ್ಕ್ ಕೊಡಿಸೋ ಸ್ವಿಚ್ಚಿನ ಥರದ ಪಾಯಿಂಟುಗಳು) ಇರೋ ಗಾಡಿಗಳಲ್ಲಿ ನಿಜವಾದ ಆಟ ಇರೋದು ಅಲ್ಲೇ. ಮ್ಯಾಗ್ನೆಟ್ (ಕ್ರ್ಯಾಂಕ್ ಜೊತೆ ತಿರುಗೋ ಅಯಸ್ಕಾಂತದ ಚಕ್ರ) ಕವರ್ ಬಿಚ್ಚಿ ಕ್ರ್ಯಾಂಕ್ ತಿರುಗಿಸಿ ಪಾಯಿಂಟುಗಳು ಪೂರ್ತಿ ತೆರೆದಾಗ ಗ್ಯಾಪ್ ನೋಡಿ, ಸಾಮಾನ್ಯವಾಗಿ 0.35ರಿಂದ 0.40 ಎಂಎಂ. ಮುಖಗಳು ಬೂದು ಬಣ್ಣಕ್ಕಿದ್ರೆ ಸಣ್ಣ ಎಮರಿ ಪೇಪರ್ ಮಡಿಚಿ ಮಧ್ಯೆ ಎಳೆದು, ಆಮೇಲೆ ಪೆಟ್ರೋಲಲ್ಲಿ ಅದ್ದಿದ ಸ್ವಚ್ಛ ಬಿಳಿ ಕಾಗದ ಎಳೀರಿ, ಕಾಗದದ ಮೇಲೆ ಕಪ್ಪು ಗೆರೆ ಬರೋದು ನಿಲ್ಲೋ ತನಕ. ಎಮರಿಯ ಒಂದು ಕಣ ಉಳಿದ್ರೂ ಸ್ಪಾರ್ಕ್ ಬರದೇ ಇರಬಹುದು. ಪಾಯಿಂಟ್ ಪದೇ ಪದೇ ಸುಡ್ತಿದೆ, ತೆರೆಯುವಾಗ ಅಲ್ಲಿ ದೊಡ್ಡ ಕಿಡಿ ಕಾಣ್ತಿದೆ ಅಂದ್ರೆ ಆ ಕಿಡಿ ತಡೆಯೋ ಕಂಡೆನ್ಸರ್ ಹೋಗಿದೆ, ಬರೀ ಪಾಯಿಂಟ್ ಬದಲಾಯಿಸಿದ್ರೆ ಅದೂ ಸುಟ್ಟೋಗುತ್ತೆ.

ಇಲ್ಲಿ ತುಂಬಾ ಜನ ಮರೆಯೋ ವಿಷಯ ಅಂದ್ರೆ ಗ್ಯಾಪ್ ಮುಟ್ಟಿದ್ರೆ ಟೈಮಿಂಗೂ ಬದಲಾಗುತ್ತೆ. ಗ್ಯಾಪ್ ಜಾಸ್ತಿ ಆದ್ರೆ ಪಾಯಿಂಟ್ ಬೇಗ ತೆರೆಯುತ್ತೆ ಅಂದ್ರೆ ಟೈಮಿಂಗ್ ಅಡ್ವಾನ್ಸ್ (ಸ್ಪಾರ್ಕ್ ಬೇಗ), ಕಮ್ಮಿ ಆದ್ರೆ ರಿಟಾರ್ಡ್ (ಸ್ಪಾರ್ಕ್ ತಡ). ಆದ್ದರಿಂದ ಮೊದಲು ಗ್ಯಾಪ್ ಸೆಟ್ ಮಾಡಿ, ಆಮೇಲೆ ಪಾಯಿಂಟ್ ಕೂತಿರೋ ಪ್ಲೇಟ್ ತಿರುಗಿಸಿ ಟೈಮಿಂಗ್ ಗುರುತಿಗೆ ಕೂರಿಸಿ, ಉಲ್ಟಾ ಮಾಡ್ಬೇಡಿ. ಪಾಯಿಂಟ್ ತೆರೆಸೋ ಕ್ಯಾಮಿಗೆ ಒರೆಸೋ ಹಾಗೆ ಒಂದು ಚಿಕ್ಕ ಫೆಲ್ಟ್ ತುಂಡು ಇರುತ್ತಲ್ಲ, ಅದಕ್ಕೆ ಒಂದೇ ಒಂದು ಹನಿ ಆಯಿಲ್ ಕೊಡಿ. ಅದು ಒಣಗಿದ್ರೆ ಕ್ಯಾಮಿಗೆ ಉಜ್ಜೋ ಪಾಯಿಂಟಿನ ಹಿಮ್ಮಡಿ ಸವೀತಾ ಸವೀತಾ ಗ್ಯಾಪ್ ಮುಚ್ಕೊಳ್ಳುತ್ತೆ, ಟೈಮಿಂಗ್ ಹಿಂದೆ ಬೀಳುತ್ತೆ, ಗಾಡಿ ದಿನದಿಂದ ದಿನಕ್ಕೆ ಪಿಕಪ್ ಕಳ್ಕೊಳ್ಳುತ್ತೆ ಮತ್ತೆ ಜಾಸ್ತಿ ಬಿಸಿ ಆಗುತ್ತೆ. ಎರಡು ಹನಿ ಹಾಕಿದ್ರೆ ಅದು ಪಾಯಿಂಟ್ ಮೇಲೆ ಎರಚಿ ಬೇರೆ ತೊಂದರೆ.

ಪೆಟ್ರೋಲು

ನಿಂತ ಗಾಡೀಲಿ ನೂರಕ್ಕೆ ತೊಂಬತ್ತು ತೊಂದ್ರೆ ಇಲ್ಲೇ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಪೆಟ್ರೋಲಿನಲ್ಲಿ ಬೇಗ ಆರೋ ಅಂಶ ಕೆಲವೇ ತಿಂಗಳಲ್ಲಿ ಹಾರಿಹೋಗಿ ಉಳಿದದ್ದು ಗೋಂದಿನ ಹಾಗೆ ಆಗಿ ಸಣ್ಣ ತೂತುಗಳನ್ನೆಲ್ಲ ಮುಚ್ಚುತ್ತೆ. ಎಥೆನಾಲ್ ಬೆರೆತಿರೋ ಪೆಟ್ರೋಲಾದ್ರೆ ಗಾಳೀಲಿರೋ ತೇವ ಎಳ್ಕೊಂಡು ನೀರು ತಳಕ್ಕೆ ಇಳಿಯುತ್ತೆ, ಹಳೇ ರಬ್ಬರುಗಳನ್ನೂ ಮೆತ್ತಗೆ ಮಾಡುತ್ತೆ. ಹಳೇದನ್ನ ಪೂರ್ತಿ ಖಾಲಿ ಮಾಡಿ, ಅದರ ಮೇಲೇ ಹೊಸದು ಸುರೀಬೇಡಿ.

ಟ್ಯಾಂಕಿಂದ ಶುರು ಮಾಡಿ. ಪೈಪ್ ಬಿಚ್ಚಿ ಒಂದು ಬಾಟ್ಲಿಗೆ ಹಿಡಿದು ಕಾಕ್ (ಟ್ಯಾಂಕ್ ಕೆಳಗಿನ ಪೆಟ್ರೋಲ್ ನಲ್ಲಿ) ತೆಗೀರಿ, ನಿಲ್ಲದೆ ಒಂದೇ ಸಮನೆ ಹರೀಬೇಕು. ವ್ಯಾಕ್ಯೂಮ್ ಕಾಕ್ ಇದ್ರೆ ಇಂಜಿನ್ ಓಡ್ದೆ ಹರಿಯಲ್ಲ, ಅದರಲ್ಲಿ ಪ್ರೈಮ್ ಪೊಸಿಷನ್ ಇದ್ರೆ ಅಲ್ಲಿಗೆ ಇಟ್ಟು ನೋಡಿ. ಮೊದಲು ಚೆನ್ನಾಗಿ ಹರಿದು ಆಮೇಲೆ ಕಮ್ಮಿ ಆಗ್ತಾ ಬಂದ್ರೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ, ತೆಗೆದ ಕೂಡ್ಲೇ ಜೋರಾದ್ರೆ ಮುಚ್ಚಳದಲ್ಲಿರೋ ಗಾಳಿ ತೂತು ಕಟ್ಟಿದೆ. ಸ್ವಲ್ಪ ದೂರ ಚೆನ್ನಾಗಿ ಓಡಿ ತಾನಾಗೇ ನಿಂತು, ಕಾಲು ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಆಗೋ ಗಾಡಿಗಳಲ್ಲಿ ಮೊದಲು ಈ ತೂತನ್ನೇ ನೋಡಿ. ಮೆಕ್ಯಾನಿಕ್ಕುಗಳು ಇಂಥ ಗಾಡಿಗೆ ಕಾಯಿಲ್ ಬದಲಾಯಿಸೋದನ್ನ ಕಂಡಾಗ ಬೇಜಾರಾಗುತ್ತೆ. ಬಿಸಿಯಾದಾಗ ಕಾಯಿಲ್ ಕೈ ಕೊಡೋದೂ ಉಂಟು, ಆದ್ರೆ ಮುಚ್ಚಳ ತೆಗೆದು ನೋಡೋಕೆ ಅರ್ಧ ನಿಮಿಷ ಸಾಕು.

ಟ್ಯಾಂಕ್ ಒಳಗೆ ತುಕ್ಕು ಇದ್ರೆ ಕಾಕ್ ಬಿಚ್ಚಿ ತೂತು ಮುಚ್ಚಿ, ಒಂದು ತುಂಡು ಚೈನು ಅಥವಾ ಹಿಡಿ ನಟ್ಟುಗಳನ್ನ ಎಣಿಸಿ ಒಳಗೆ ಹಾಕಿ ಸ್ವಲ್ಪ ನೀರಿನ ಜೊತೆ ಚೆನ್ನಾಗಿ ಅಲ್ಲಾಡಿಸಿ, ಎಣಿಸಿದಷ್ಟೂ ವಾಪಸ್ ಬಂತಾ ನೋಡ್ಕೊಳ್ಳಿ. ಆಮೇಲೆ ಬಿಳಿ ವಿನೆಗರ್ ತುಂಬಿ ಒಂದು ದಿನ ಬಿಡಿ, ಹೊರಗಿನ ಪೇಂಟಿಗೆ ತಾಗದ ಹಾಗೆ. ಖಾಲಿ ಮಾಡಿ ಅಡುಗೆ ಸೋಡಾ ಹಾಕಿದ ನೀರಲ್ಲಿ ತೊಳೆದು ತಕ್ಷಣ ಒಣಗಿಸ್ಬೇಕು, ಹೇರ್ ಡ್ರೈಯರ್ ಬಳಸೋದಾದ್ರೆ ಒಳಗೆ ಪೆಟ್ರೋಲ್ ವಾಸನೆ ಒಂದಿಷ್ಟೂ ಉಳಿದಿರಬಾರ್ದು. ಲೇಟ್ ಮಾಡಿದ್ರೆ ಕಣ್ಮುಂದೆನೇ ಕಿತ್ತಳೆ ಬಣ್ಣದ ಹೊಸ ತುಕ್ಕು ಕಟ್ಟುತ್ತೆ, ಆದ್ದರಿಂದ ಒಣಗಿದ ಕೂಡ್ಲೇ ಸ್ವಲ್ಪ ಆಯಿಲ್ ಬೆರೆಸಿದ ಪೆಟ್ರೋಲು ಹಾಕಿ ಎಲ್ಲಾ ಕಡೆ ತಾಗಿಸಿ. ಟ್ಯಾಂಕ್ ತೂತಾಗಿದ್ರೆ ಮನೇಲಿ ವೆಲ್ಡಿಂಗ್ ಮಾತೇ ಬೇಡ, ಒಳಗೆ ಆವಿ ಉಳಿದಿರೋ ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ.

ಈಗ ಕಾರ್ಬೊರೇಟರ್. ಬಿಚ್ಚೋಕ್ ಮುಂಚೆ ಗಾಡಿ ಏನು ಹೇಳ್ತಿದೆ ಅಂತ ಕೇಳಿ. ಚೋಕ್ ಹಾಕಿದ್ರೆ ಓಡುತ್ತೆ, ತೆಗೆದ್ರೆ ಸಾಯುತ್ತೆ ಅಂದ್ರೆ ಪೈಲಟ್ ಜೆಟ್ (ಪೆಟ್ರೋಲ್ ಅಳತೆ ಮಾಡಿ ಬಿಡೋ ಸಣ್ಣ ತೂತಿನ ಪಾರ್ಟ್) ಕಟ್ಟಿದೆ ಅಂತ ಹೆಚ್ಚುಕಮ್ಮಿ ಖಾತ್ರಿ. ಥ್ರಾಟಲ್ ಮುಚ್ಚಿದಲ್ಲಿಂದ ಸುಮಾರು ಕಾಲು ಭಾಗದ ತನಕ ಪೈಲಟ್ ಜೆಟ್ಟಿನ ಕೆಲಸ, ಕಾಲಿಂದ ಮುಕ್ಕಾಲಿನ ತನಕ ನೀಡಲ್, ಅದರ ಮೇಲೆ ಮೇನ್ ಜೆಟ್. ಹ್ಯಾಂಡಲ್ ಗ್ರಿಪ್ ಮೇಲೆ ಒಂದು ತುಂಡು ಟೇಪ್ ಅಂಟಿಸಿ ಗುರುತು ಹಾಕ್ಕೊಂಡು ಓಡಿಸಿದ್ರೆ ತೊಂದ್ರೆ ಯಾವ ಭಾಗದಲ್ಲಿ ಬರ್ತಿದೆ ಅಂತ ಸ್ಪಷ್ಟವಾಗಿ ಸಿಗುತ್ತೆ. ಆರ್‌ಪಿಎಂ ಏರಿದ್ಮೇಲೆ ಬೇಗ ಇಳೀತಿಲ್ಲ ಅಂದ್ರೆ ಎಲ್ಲೋ ಗಾಳಿ ಎಳೀತಿದೆ, ಕಾರ್ಬೊರೇಟರ್ ಮತ್ತೆ ಇಂಜಿನ್ ಮಧ್ಯದ ರಬ್ಬರ್ ಬಗ್ಗಿಸಿ ಬಿರುಕು ನೋಡಿ, ಐಡ್ಲಿಂಗಲ್ಲಿ ಅದರ ಮೇಲೆ ಸ್ವಲ್ಪ ನೀರು ಚಿಮುಕಿಸಿದಾಗ ಸೌಂಡ್ ಬದಲಾದ್ರೆ ಅಲ್ಲೇ ಲೀಕು.

ಬಿಚ್ಚಿ ಒಂದು ಅಗಲದ ಟ್ರೇ ಮೇಲೆ ಇಟ್ಕೊಳ್ಳಿ, ಸಣ್ಣ ಸ್ಪ್ರಿಂಗ್ ಹಾರಿದ್ರೆ ಸಿಗಲ್ಲ. ಪೆಟ್ರೋಲು ಗಾಳಿ ಅಳತೆ ಹೊಂದಿಸೋ ಮಿಕ್ಸ್ಚರ್ ಸ್ಕ್ರೂ ಬಿಚ್ಚೋಕ್ ಮುಂಚೆ ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತಿಗೆ ತಳ ಮುಟ್ತು ಅಂತ ಬರ್ಕೊಳ್ಳಿ, ಜೋರಾಗಿ ಟೈಟ್ ಮಾಡಿದ್ರೆ ಅದರ ಚೂಪು ತುದಿ ಮುರಿದು ಒಳಗೇ ಉಳಿಯುತ್ತೆ. ಫ್ಲೋಟ್ ಬೌಲ್ (ಕೆಳಗಿನ ಪೆಟ್ರೋಲ್ ಬಟ್ಟಲು) ತೆಗೆದಾಗ ತಳದಲ್ಲಿ ಹಸಿರು ಪುಡಿ, ಕಂದು ಅಂಟು, ನೀರಿನ ಹನಿ ಏನಿದೆ ಅಂತ ನೋಡಿ, ಟ್ಯಾಂಕಿನ ಕಥೆ ಅಲ್ಲೇ ಇರುತ್ತೆ.

ಪೈಲಟ್ ಜೆಟ್ ಅನ್ನೋದು ಹಿತ್ತಾಳೆಯ ಒಂದು ಚಿಕ್ಕ ಕಡ್ಡಿ, ತಲೇಲಿ ಸೀಳು, ಉದ್ದಕ್ಕೂ ಅರ್ಧ ಎಂಎಂಗಿಂತ ಸಣ್ಣ ತೂತು, ಎಷ್ಟೋ ಜೆಟ್ಟುಗಳಲ್ಲಿ ಪಕ್ಕದಲ್ಲೂ ಒಂದೆರಡು ಸಾಲು ಅಡ್ಡ ತೂತು. ಅದರ ಸೀಳಿಗೆ ಸರಿಯಾಗಿ ಕೂರೋ ಅಗಲದ ಸ್ಕ್ರೂ ಡ್ರೈವರಲ್ಲೇ ಬಿಚ್ಚಿ. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಆ ಕಡೆ ದುಂಡಗೆ ಪೂರ್ತಿ ಬೆಳಕಿನ ಚುಕ್ಕೆ ಕಾಣ್ಬೇಕು. ಅರ್ಧ ಚಂದ್ರನ ಆಕಾರ ಕಂಡ್ರೆ ಅದು ಕ್ಲೀನ್ ಆಗಿಲ್ಲ, ಏನೂ ಕಾಣ್ಲಿಲ್ಲ ಅಂದ್ರೆ ಪೂರ್ತಿ ಕಟ್ಟಿದೆ. ಕಾರ್ಬ್ ಕ್ಲೀನರಲ್ಲಿ ರಾತ್ರಿಯೆಲ್ಲ ನೆನೆಸಿ, ವೈರಿನ ಒಂದೇ ಒಂದು ತಾಮ್ರದ ಎಳೆ ತಗೊಂಡು ಮೆಲ್ಲಗೆ ಹಾಯಿಸಿ, ಗಾಳಿ ಊದಿ, ಮತ್ತೆ ಬೆಳಕಿಗೆ ಹಿಡೀರಿ. ಸ್ಟೀಲ್ ತಂತಿ, ಸೂಜಿ, ಡ್ರಿಲ್ ಬಿಟ್ ಖಂಡಿತ ಬೇಡ, ಹಿತ್ತಾಳೆ ಮೆತ್ತಗಿರುತ್ತೆ, ತೂತು ಕೂದಲೆಳೆಯಷ್ಟು ದೊಡ್ಡದಾದ್ರೂ ಮಿಕ್ಸ್ಚರ್ ರಿಚ್ (ಪೆಟ್ರೋಲ್ ಜಾಸ್ತಿ) ಆಗೋಗುತ್ತೆ. ಜೆಟ್ ಕೂರೋ ಗೂಡಿನೊಳಗೂ ಕ್ಲೀನರ್ ಹೊಡೀರಿ, ಥ್ರಾಟಲ್ ಸ್ಲೈಡ್ ಹತ್ರ ನಳಿಗೇಲಿರೋ ಸಣ್ಣ ಸಣ್ಣ ತೂತುಗಳಿಂದ ಅದು ಚಿಮ್ಮಿ ಹೊರಗೆ ಬರ್ಬೇಕು. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ನೇರ ಮುಖಕ್ಕೇ ಬರುತ್ತೆ. ಜೆಟ್ ಕ್ಲೀನ್ ಮಾಡಿ ಈ ದಾರಿ ಬಿಟ್ಟವರೇ ಎರಡೆರಡು ಸಲ ಕಾರ್ಬೊರೇಟರ್ ಬಿಚ್ಚೋದು.

ಫ್ಲೋಟ್ ವಾಲ್ವಿನ ರಬ್ಬರ್ ತುದೀಲಿ ಉಂಗುರದ ಥರ ಗೆರೆ ಬಿದ್ದಿದ್ರೆ ಬದಲಾಯಿಸಿ, ಇಲ್ಲಾಂದ್ರೆ ನಿಂತ ಗಾಡಿಯಿಂದ ಪೆಟ್ರೋಲ್ ತೊಟ್ಟಿಕ್ತಾನೇ ಇರುತ್ತೆ. ಜೋಡಿಸಿದ್ಮೇಲೆ ಮಿಕ್ಸ್ಚರ್ ಸ್ಕ್ರೂ ನೀವು ಬರ್ಕೊಂಡ ಸುತ್ತಿಗೆ ಇಡಿ, ಗೊತ್ತಿಲ್ಲ ಅಂದ್ರೆ ಒಂದೂವರೆ ಸುತ್ತಿಂದ ಶುರು ಮಾಡಿ, ಇಂಜಿನ್ ಚೆನ್ನಾಗಿ ಬಿಸಿಯಾದ್ಮೇಲೆ ಕಾಲು ಕಾಲು ಸುತ್ತು ಆ ಕಡೆ ಈ ಕಡೆ ತಿರುಗಿಸಿ ಐಡ್ಲಿಂಗ್ ಅತೀ ಸ್ಮೂತ್ ಆಗೋ ಜಾಗ ಹುಡುಕಿ. ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ರೆ ಅದು ಗಾಳಿ ಸ್ಕ್ರೂ, ಹೊರಗೆ ತಿರುಗಿಸಿದ್ರೆ ಲೀನ್ (ಗಾಳಿ ಜಾಸ್ತಿ) ಆಗುತ್ತೆ, ಇಂಜಿನ್ ಕಡೆ ಇದ್ರೆ ಹೊರಗೆ ತಿರುಗಿಸಿದಷ್ಟೂ ರಿಚ್. ಏರ್ ಫಿಲ್ಟರ್ ಇಲ್ಲದೆ ಟ್ಯೂನ್ ಮಾಡ್ಬೇಡಿ, ಆಮೇಲೆ ಫಿಲ್ಟರ್ ಹಾಕಿದ ಕೂಡ್ಲೇ ಎಲ್ಲಾ ಬದಲಾಗುತ್ತೆ.

ಟೂ ಸ್ಟ್ರೋಕ್ ಗಾಡಿ ಇಟ್ಟವರಿಗೆ ಒಂದು ಎಚ್ಚರಿಕೆ: ಎಲ್ಲಾ ಕ್ಲೀನ್ ಮಾಡಿದ್ರೂ ಆರ್‌ಪಿಎಂ ತಾನಾಗೇ ಏರ್ತಿದ್ರೆ ಕ್ರ್ಯಾಂಕ್ ಆಯಿಲ್ ಸೀಲ್ ಒಣಗಿ ಗಾಳಿ ಎಳೀತಿರಬಹುದು, ಹಾಗೇ ಓಡಿಸಿದ್ರೆ ಮಿಕ್ಸ್ಚರ್ ಲೀನಾಗಿ ಪಿಸ್ಟನ್ ಸೀಜ್ ಆಗುತ್ತೆ. ಗೇರ್ ಆಯಿಲ್ ಕಮ್ಮಿ ಆಗ್ತಾ ಸೈಲೆನ್ಸರಲ್ಲಿ ಬಿಳಿ ಹೊಗೆ ಜಾಸ್ತಿ ಆದ್ರೆ ಕ್ಲಚ್ ಕಡೆ ಸೀಲ್ ಹೋಗಿದೆ.

ಟ್ಯಾಪೆಟ್

ಫೋರ್ ಸ್ಟ್ರೋಕ್ ಗಾಡೀಲಿ ಇದನ್ನ ನೀವೇ ಕಲೀಲೇಬೇಕು, ಒಂದ್ಸಲ ಕೈಗೆ ಬಂದ್ರೆ ಅರ್ಧ ಗಂಟೆ ಕೆಲಸ. ಇಂಜಿನ್ ಪೂರ್ತಿ ತಣ್ಣಗಿರ್ಬೇಕು, ಹಿಂದಿನ ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸರಿ. ಟ್ಯಾಪೆಟ್ ಕವರ್ ಮತ್ತೆ ಪ್ಲಗ್ ತೆಗೆದು ಕ್ರ್ಯಾಂಕನ್ನ ಅದು ಓಡೋ ದಿಕ್ಕಿಗೇ ತಿರುಗಿಸ್ತಾ ಇನ್‌ಟೇಕ್ ವಾಲ್ವ್ ಕೆಳಗೆ ಹೋಗಿ ಮೇಲೆ ಬರೋದನ್ನ ನೋಡಿ, ಅದಾದ್ಮೇಲೆ ಮ್ಯಾಗ್ನೆಟ್ ಮೇಲಿನ ಟಿ ಗುರುತು ಕೇಸಿನ ಗುರುತಿಗೆ ಬರೋ ತನಕ ತಿರುಗಿಸಿ. ಈಗ ಎರಡೂ ರಾಕರ್ (ವಾಲ್ವ್ ಒತ್ತೋ ತೋಳು) ಬೆರಳಲ್ಲಿ ಸ್ವಲ್ಪ ಅಲ್ಲಾಡ್ಬೇಕು. ಒಂದು ಟೈಟಾಗಿದೆ ಅಂದ್ರೆ ನೀವು ಎಕ್ಸಾಸ್ಟ್ ಮುಗಿಯೋ ಜಾಗದಲ್ಲಿರಬಹುದು, ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ನೋಡಿ, ಆಗ್ಲೂ ಟೈಟಿದ್ರೆ ಆ ಟ್ಯಾಪೆಟ್ಟಿಗೇ ಗ್ಯಾಪ್ ಇಲ್ಲ.

ಸಣ್ಣ ಇಂಜಿನ್ನುಗಳಲ್ಲಿ ಗ್ಯಾಪ್ ಬಹಳಷ್ಟು 0.05ರಿಂದ 0.10 ಎಂಎಂ ಒಳಗಿರುತ್ತೆ, ಇಲ್ಲಿ ಮಾತ್ರ ಮ್ಯಾನುಯಲ್ ನೋಡ್ದೆ ಮುಂದೆ ಹೋಗ್ಬೇಡಿ. ಲಾಕ್ ನಟ್ ಲೂಸ್ ಮಾಡಿ, ಫೀಲರ್ ಬ್ಲೇಡ್ ಒಳಗಿಟ್ಟು, ಸ್ಕ್ರೂ ಬಿಗಿ ಮಾಡ್ತಾ ಬ್ಲೇಡ್ ಎಳೆದು ನೋಡಿ, ಸಿಕ್ಕಿ ಹಾಕ್ಕೊಳ್ಬಾರ್ದು, ಸಲೀಸಾಗೂ ಬರ್ಬಾರ್ದು, ಎಳೆಯುವಾಗ ಸ್ವಲ್ಪ ಹಿಡಿದ ಹಾಗೆ ಅನ್ಸಬೇಕು. ಸ್ಕ್ರೂ ಅಲ್ಲಾಡದ ಹಾಗೆ ಹಿಡ್ಕೊಂಡು ಲಾಕ್ ನಟ್ ಟೈಟ್ ಮಾಡಿ ಮತ್ತೊಮ್ಮೆ ಬ್ಲೇಡ್ ಹಾಕಿ ನೋಡಿ, ಯಾಕಂದ್ರೆ ನಟ್ ಟೈಟ್ ಮಾಡುವಾಗ ಗ್ಯಾಪ್ ಬದಲಾಗೋದು ತೀರಾ ಸಾಮಾನ್ಯ. ಸೌಂಡ್ ಬರ್ಬಾರ್ದು ಅಂತ ಟೈಟಾಗಿ ಇಡೋರಿದ್ದಾರೆ, ಅದು ತಪ್ಪು. ವಾಲ್ವ್ ತನ್ನ ಬಿಸಿಯನ್ನ ಬಿಡೋದು ಸೀಟಿಗೆ ತಾಗಿದಾಗ, ಟೈಟಿದ್ರೆ ಪೂರ್ತಿ ಕೂರಲ್ಲ, ಎಕ್ಸಾಸ್ಟ್ ವಾಲ್ವ್ ಸುಟ್ಟೋಗುತ್ತೆ. ಸ್ವಲ್ಪ ಟಿಕ್ ಟಿಕ್ ಅನ್ನೋ ಇಂಜಿನ್ ಸುಮ್ಮನಿರೋ ಇಂಜಿನ್ನಿಗಿಂತ ಎಷ್ಟೋ ಆರೋಗ್ಯ.

ಆಯಿಲು

ಇಂಜಿನ್ ಸ್ವಲ್ಪ ಬಿಸಿಯಿರುವಾಗ ಇಳಿಸಿ, ಇಳಿದ ಆಯಿಲನ್ನ ಬೆಳಕಲ್ಲಿ ನೋಡಿ. ಬೆಳ್ಳಗೆ ನೊರೆ ಥರ ಇದ್ರೆ ನೀರು ಸೇರಿದೆ, ಬೆಳ್ಳಿ ಮಿನುಗು ಇದ್ರೆ ಒಳಗೆ ಏನೋ ಸವೀತಿದೆ, ಅಯಸ್ಕಾಂತ ಅದ್ದಿ ನೋಡಿದ್ರೆ ಕಬ್ಬಿಣವೋ ಅಲ್ಯೂಮಿನಿಯಮ್ಮೋ ಗೊತ್ತಾಗುತ್ತೆ. ಕ್ಲಚ್ ಪ್ಲೇಟ್ ಆಯಿಲಲ್ಲೇ ಮುಳುಗಿರೋ ಗಾಡಿಗೆ ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 (ಇಂಥ ಕ್ಲಚ್ಚಿಗೆ ಹೊಂದೋ ಆಯಿಲಿನ ಗುರುತು) ಅಂತ ಇರೋದನ್ನೇ ಹಾಕಿ, ಘರ್ಷಣೆ ಕಮ್ಮಿ ಮಾಡೋ ಕಾರಿನ ಆಯಿಲ್ ಹಾಕಿದ್ರೆ ಕ್ಲಚ್ ಜಾರಬಹುದು. ಇಳಿದ ಆಯಿಲ್ ಡಬ್ಬಕ್ಕೆ ತುಂಬಿ ರೀಸೈಕಲ್ ಮಾಡೋರಿಗೆ ಕೊಡಿ, ಮಣ್ಣಿಗೂ ಚರಂಡಿಗೂ ಸುರೀಬೇಡಿ.

ಎರಡು ಮೂರು ಕಡೆ ಪ್ಯಾಕಿಂಗಿಂದ (ಜೋಡಣೆ ಮಧ್ಯದ ಗ್ಯಾಸ್ಕೆಟ್) ಒಟ್ಟಿಗೆ ಆಯಿಲ್ ಒಸರ್ತಿದೆ ಅಂದ್ರೆ ಎಲ್ಲಾ ಪ್ಯಾಕಿಂಗ್ ಬಿಚ್ಚೋ ಮುಂಚೆ ಇಂಜಿನ್ ಬ್ರೀದರ್ ಪೈಪ್ ನೋಡಿ, ಅದು ಕಟ್ಟಿದ್ರೆ ಒಳಗಿನ ಒತ್ತಡ ಸಿಕ್ಕ ಸಿಕ್ಕ ಕಡೆಯಿಂದ ಆಯಿಲ್ ತಳ್ಳುತ್ತೆ. ಪ್ಯಾಕಿಂಗ್ ಜೊತೆ ಸಿಲಿಕೋನ್ ಅಂಟನ್ನ ದಪ್ಪಗೆ ಮೆತ್ತಬೇಡಿ, ಒಳಗೆ ಉಬ್ಬಿದ ಭಾಗ ಕಿತ್ತು ಹೋಗಿ ಆಯಿಲ್ ದಾರೀಲಿ ಸಿಕ್ಕಿ ಹಾಕ್ಕೊಳ್ಳುತ್ತೆ.

ವೈರಿಂಗ್

ಹಳೇ ಗಾಡೀಲಿ ವೈರಿಂಗ್ ತೊಂದ್ರೆ ಅಂದ್ರೆ ಬಹುತೇಕ ಅರ್ಥಿಂಗ್ ತೊಂದ್ರೆ. ಫ್ರೇಮಿಗೆ ಪೇಂಟ್ ಮಾಡಿಸಿದ ಗಾಡೀಲಂತೂ ಅರ್ಥ್ ವೈರಿನ ಕೆಳಗೂ ಪೇಂಟ್ ಇರುತ್ತೆ. ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯೋ ಗಾಡಿ ಆದ್ರೆ ಲೈಟ್ ಆನ್ ಮಾಡಿ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ಥ್ ತುದಿಗೂ (ಬಹುತೇಕ ನೆಗೆಟಿವ್) ಇನ್ನೊಂದು ಬಲ್ಬ್ ಹೋಲ್ಡರಿನ ಅರ್ಥಿಗೂ ಇಡಿ. 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದ್ರೆ ಮಧ್ಯದಲ್ಲಿ ಎಲ್ಲೋ ಜಾಯಿಂಟ್ ಕೆಟ್ಟಿದೆ, ಕಡ್ಡಿಯನ್ನ ಜಾಯಿಂಟಿಂದ ಜಾಯಿಂಟಿಗೆ ಸರಿಸ್ತಾ ಬನ್ನಿ, ರೀಡಿಂಗ್ ದಿಢೀರ್ ಇಳಿಯೋ ಜಾಗವೇ ಕಳ್ಳ. ಕೆರೆದು ಲೋಹ ಹೊಳೆಯೋ ಹಾಗೆ ಮಾಡಿ, ಟೈಟ್ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಸವರಿ. ವೈರು ಸೇರಿಸೋ ಬುಲೆಟ್ ಕನೆಕ್ಟರುಗಳನ್ನೂ ಹೀಗೇ ಒಂದೊಂದಾಗಿ.

12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜಾಗಿ ಸುಮ್ಮನಿರುವಾಗ 12.6 ಹತ್ರ, ಇಂಜಿನ್ ಆರ್‌ಪಿಎಂ ಏರಿಸಿದಾಗ 13.8ರಿಂದ 14.5 ಒಳಗೆ ತೋರಿಸ್ಬೇಕು. 15 ದಾಟಿದ್ರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದ್ದು ಹೋಗುತ್ತೆ. ಫ್ಯೂಸ್ ಪದೇ ಪದೇ ಹೋಗ್ತಿದ್ರೆ ಅದರ ಜಾಗಕ್ಕೆ ತಂತಿ ಸುತ್ತಬೇಡಿ, ಹ್ಯಾಂಡಲ್ ತಿರುಗೋ ಜಾಗದಲ್ಲಿ ವೈರಿನ ತೊಗಲು ಸವೆದು ಫ್ರೇಮಿಗೆ ತಾಗ್ತಿರುತ್ತೆ, ಅಲ್ಲಿ ಹುಡುಕಿ.

ಬ್ರೇಕು, ಚೈನು, ಟೈರು

ಇಂಜಿನ್ ಓಡೋಕೆ ಶುರುವಾದ ಖುಷೀಲಿ ಬ್ರೇಕ್ ನೋಡ್ದೆ ರಸ್ತೆಗಿಳಿಯೋದು ಅತೀ ಅಪಾಯ. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನ ಊದ್ಬೇಡಿ, ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೇಲಿ ಒರೆಸಿ ಬಟ್ಟೆ ಕವರಲ್ಲಿ ಕಟ್ಟಿ ಬಿಸಾಕಿ. ಶೂ ಮೇಲೆ ಆಯಿಲ್ ಅಥವಾ ಗ್ರೀಸ್ ಇಳಿದಿದ್ರೆ ತೊಳೆದು ಪ್ರಯೋಜನ ಇಲ್ಲ, ಬದಲಾಯಿಸಿ. ಬ್ರೇಕ್ ಕ್ಯಾಮ್ ಬಿಚ್ಚಿ ಒರೆಸಿ ತೆಳ್ಳಗೆ ಗ್ರೀಸ್ ಹಾಕಿ, ಎಷ್ಟೋ ಗಾಡೀಲಿ ಬ್ರೇಕ್ ಹಿಡಿದ್ರೆ ವಾಪಸ್ ಬರ್ದೇ ಇರೋದು ಅದು ಒಣಗಿರೋದಕ್ಕೆ. ಡಿಸ್ಕ್ ಇದ್ರೆ ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಅದು ಗಾಳೀಲಿರೋ ನೀರು ಹೀರುತ್ತೆ. ಡಾಟ್ 3, ಡಾಟ್ 4 ಬಳಸೋ ಸಿಸ್ಟಮ್ಮಿಗೆ ಸಿಲಿಕೋನ್ ಇರೋ ಡಾಟ್ 5 ಬೆರೆಸಬಾರ್ದು. ಪೇಂಟ್ ಮೇಲೆ ಬಿದ್ರೆ ತಕ್ಷಣ ನೀರು ಹಾಕಿ ತೊಳೀರಿ.

ಚೈನಿನ ಸಡಿಲ ಕೆಳಗಿನ ಸಾಲಿನ ಮಧ್ಯದಲ್ಲಿ ಸಾಮಾನ್ಯವಾಗಿ 20ರಿಂದ 30 ಎಂಎಂ. ಹಳೇ ಚೈನು ಎಲ್ಲಾ ಕಡೆ ಒಂದೇ ಥರ ಸವೆದಿರಲ್ಲ, ಚಕ್ರ ತಿರುಗಿಸ್ತಾ ಅತೀ ಟೈಟಿರೋ ಜಾಗ ಹುಡುಕಿ ಅಲ್ಲೇ ಅಳತೆ ಮಾಡಿ. ಚೈನ್ ಜಾಯಿಂಟಿನ ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಹೋಗೋ ದಿಕ್ಕಿಗೆ ಇರ್ಬೇಕು. ಇಂಜಿನ್ ಆನ್ ಮಾಡಿ ಗೇರಲ್ಲಿಟ್ಟು ಚೈನಿಗೆ ಬಟ್ಟೆ ಹಿಡಿಯೋರಿದ್ದಾರೆ, ಬೆರಳು ಹೋಗುತ್ತೆ, ಕೈಯಲ್ಲೇ ತಿರುಗಿಸಿ.

ಟೈರ್ ಗೆರೆ ಚೆನ್ನಾಗಿದ್ರೂ ಪಕ್ಕದಲ್ಲಿರೋ ನಾಲ್ಕು ಅಂಕಿ ಓದಿ, 2319 ಅಂದ್ರೆ 2019ನೇ ಇಸವಿಯ 23ನೇ ವಾರ. ಮೂರೇ ಅಂಕಿ ಇದ್ರೆ ಅದು 2000ಕ್ಕಿಂತ ಹಿಂದಿನದು, ಯೋಚನೆನೇ ಬೇಡ, ತೆಗೀರಿ.

ಮೊದಲ ರೌಂಡ್

ಮೊದಲ ಸಲ ಹತ್ತಿರದಲ್ಲೇ, ಟ್ರಾಫಿಕ್ ಇಲ್ಲದ ಕಡೆ, ಬ್ರೇಕ್ ಹಿಡಿದು ಹಿಡಿದು ನೋಡ್ತಾ ಓಡಿಸಿ. ವಾಪಸ್ ಬಂದು ಗಾಡಿ ಪೂರ್ತಿ ತಣ್ಣಗಾದ್ಮೇಲೆ ಸೈಲೆನ್ಸರ್ ನಟ್ಟು, ಇಂಜಿನ್ ಮೌಂಟಿಂಗ್ ಬೋಲ್ಟು, ಆಕ್ಸಲ್ ನಟ್ಟು, ಚೈನು ಎಲ್ಲದಕ್ಕೂ ಇನ್ನೊಂದ್ಸಲ ಸ್ಪ್ಯಾನರ್ ಹಾಕಿ ನೋಡಿ, ಮೊದಲ ಬಿಸಿಗೆ ಹೊಸ ಪ್ಯಾಕಿಂಗುಗಳು ಕೂತು ಸ್ವಲ್ಪ ಲೂಸ್ ಆಗಿರ್ತಾವೆ. ಕೆಳಗೆ ಒಂದು ಹಳೇ ರಟ್ಟು ಹಾಸಿ ರಾತ್ರಿ ಬಿಟ್ರೆ ಎಲ್ಲಿಂದ ಏನು ತೊಟ್ಟಿಕ್ಕಿದೆ ಅಂತ ಬೆಳಿಗ್ಗೆ ಗೊತ್ತಾಗುತ್ತೆ. ಆಮೇಲೆ ಸ್ವಲ್ಪ ದೂರ ಓಡಿಸಿದ್ಮೇಲೆ ಪ್ಲಗ್ ಬಿಚ್ಚಿ ನೋಡಿ, ತಿಳಿ ಕಂದು ಬಣ್ಣ ಇದ್ರೆ ಮಿಕ್ಸ್ಚರ್ ಸರಿಯಿದೆ, ಒಣ ಕಪ್ಪು ಮಸಿ ಇದ್ರೆ ರಿಚ್, ಬೆಳ್ಳಗೆ ಸುಟ್ಟ ಹಾಗಿದ್ರೆ ಲೀನ್, ಹಾಗಿದ್ರೆ ಓಡಿಸೋದು ನಿಲ್ಲಿಸಿ ಗಾಳಿ ಲೀಕ್ ಹುಡುಕಿ. ಕಪ್ಪಗೆ ಆಯಿಲ್ ಜಿಡ್ಡು ಇದ್ರೆ ಫೋರ್ ಸ್ಟ್ರೋಕ್ ಗಾಡೀಲಿ ರಿಂಗ್ ಅಥವಾ ವಾಲ್ವ್ ಸೀಲ್ ಕಡೆ ನೋಡ್ಬೇಕು, ಬೋರ್ ಅಳೆಯೋದು, ಕ್ರ್ಯಾಂಕ್ ಬಿಚ್ಚೋದು ಇವೆಲ್ಲ ಲೇತ್ ಮೆಷಿನ್ ಇರೋರ ಕೆಲಸ, ಅಲ್ಲಿಗೆ ತಗೊಂಡು ಹೋಗುವಾಗ ನೀವು ನೋಡಿದ ಕಂಪ್ರೆಷನ್ ರೀಡಿಂಗು, ಪ್ಲಗ್ ಫೋಟೋ ಎರಡನ್ನೂ ಜೊತೆಗೆ ಒಯ್ಯಿರಿ.